ಸ್ಕೌಟ್ ಮೇಷ್ಟ್ರಿಗೆ ಸಿಗುವುದೇನು?

ಪ್ರಶ್ನೆ: ಸಂಬಳವಿಲ್ಲದೆ ಆಯುಷ್ಯವಿಡೀ ಸ್ಕೌಟ್ ಮಾಸ್ಟರ್ ಆಗಿ ದುಡಿಯುವವರಿಗೆ ಅದರಿಂದ ಸಿಗುವುದಾದರೂ ಏನು?

ಉತ್ತರ: ಮೊದಲಿಗೆ, ಸುಮ್ಮನಿರುವ ವಿದ್ಯೆ. 1907ರಲ್ಲಿ ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದಲ್ಲಿ ಮೊದಲ ಶಿಬಿರ ನಡೆಸಿದಾಗಲೇ ಸ್ಕೌಟ್ ಚಳವಳಿ ಹುಟ್ಟುಹಾಕಿದ ಬೇಡನ್ ಪೊವೆಲ್ ಹುಡುಗರನ್ನು ಸಣ್ಣ ಗುಂಪುಗಳಾಗಿ ವಿಂಗಡಿಸಿ, ಗುಂಪಿಗೊಬ್ಬ ಹುಡುಗನ ಕೈಗೇ ಹೊಣೆ ಒಪ್ಪಿಸಿದ್ದರು. ಇಂದಿಗೂ ಪದ್ಧತಿ ಅದೇ. ಶಿಬಿರದಲ್ಲಿ ಹುಡುಗರು ಮೂರು ಕಲ್ಲು ಹೂಡಿ, ಹಸಿ ಸೌದೆ ಊದಿ ಊದಿ ಕಣ್ಣು ಕೆಂಪಗೆ ಮಾಡಿಕೊಂಡಿರುತ್ತಾರೆ. ಅನ್ನ ತಳ ಹಿಡಿದ ವಾಸನೆ ಬರುತ್ತದೆ. ಮೇಷ್ಟ್ರ ಕೈ ತುರಿಸಿದರೂ ಸೌಟು ಕಿತ್ತುಕೊಳ್ಳುವಂತಿಲ್ಲ. ಈ ತಾಳ್ಮೆ ಒಂದೆರಡು ವರ್ಷಕ್ಕೆ ಬರುವಂಥದ್ದಲ್ಲ. ಬಂದರೆ ಮನೆಯಲ್ಲೂ ಉಪಯೋಗಕ್ಕೆ ಬರುತ್ತದೆ ಅನ್ನಿ.

ಕಲಿಸುವವರ ಕಲಿಕೆಯೂ ಮುಗಿಯುವುದಿಲ್ಲ. ಹಂತಹಂತದ ತರಬೇತಿ ದಾಟಿದವರಿಗೆ ಸಿಗುವುದು ಹಿಮಾಲಯ ವುಡ್ ಬ್ಯಾಡ್ಜ್: ತೊಗಲ ದಾರಕ್ಕೆ ಪೋಣಿಸಿದ ಎರಡು ಮರದ ಮಣಿ. ಅಷ್ಟಕ್ಕೇ ಅದನ್ನು ಒಡವೆಯಂತೆ ಜೋಪಾನ ಮಾಡುತ್ತಾರೆ!

ಇನ್ನು, ದಳಕ್ಕೆ ಪ್ರತಿವರ್ಷ ಹೊಸ ಹುಡುಗರು, ಹೊಸ ಪ್ರಶ್ನೆಗಳು. ಮೇಷ್ಟ್ರಿಗೆ ಅರವತ್ತಾದರೂ ಹಳೆಯ ಉತ್ತರ ಹೇಳಿ ಜಾರಿಕೊಳ್ಳಲಾಗದು. ಎಲ್ಲರೂ ಹೀಗೆ ಮಾಗುತ್ತಾರೆಂದಲ್ಲ. ಸೀಟಿ ಊದುವುದು, ಆಗಸ್ಟ್ 15ರ ಪೆರೇಡು ಇಷ್ಟಕ್ಕೇ ನಿಂತುಬಿಟ್ಟವರೂ ಇದ್ದಾರೆ.