ಊದಿನ ಹೊಗೆ, ಬೆಲ್ಲದ ಪಾಕ

ದೇವರ ಮುಂದೆ ಹಚ್ಚುವ ಕಡ್ಡಿಗೆ ಕನ್ನಡದಲ್ಲಿ ಬಳಕೆಯಲ್ಲಿರುವ ಎರಡು ಹೆಸರುಗಳೂ ಒಂದೇ ಮರವನ್ನು ಸೂಚಿಸುತ್ತವೆ: ಅಗರಬತ್ತಿಯಲ್ಲಿರುವುದು ಸಂಸ್ಕೃತದ ‘ಅಗರು’, ಊದುಬತ್ತಿಯಲ್ಲಿರುವುದು ಅದೇ ಮರದ ಅರಬ್ಬಿ ಹೆಸರಾದ ‘ಊದ್’. ಬಾಯಿಂದ ಊದುವ ಕ್ರಿಯೆಗೂ ಈ ಹೆಸರಿಗೂ ಸಂಬಂಧವಿದೆಯೆಂದು ಕನ್ನಡ ಕಿವಿಗೆ ಸಹಜವಾಗಿ ತೋರುತ್ತದೆಯಾದರೂ ಪದ ಬಂದದ್ದು ಕಡಲ ವ್ಯಾಪಾರದ ದಾರಿಯಲ್ಲಿ. ಕೃಷ್ಣೆಯ ದಡದ ವಿಜಯವಾಡದಲ್ಲಿ ತೆಲುಗರೂ ಇದನ್ನು ‘ಊದುವತ್ತಿ’ ಎನ್ನುತ್ತಾರೆ. ಹೀಗಿರುವಾಗ, ಊದನ್ನು ಸಿಹಿತಿಂಡಿಯ ಪರಿಮಳದೊಡನೆ ಬೆರೆಸಿ, ಗಂಡು ಹೆಣ್ಣು ಎಂಬ ಭೇದವಿಲ್ಲದೆ ಇಬ್ಬರಿಗೂ ಎಂದು ಮಾರುವ ಇಂದಿನ ‘ನಿಶ್’ ಸುಗಂಧಗಳನ್ನು, ಅಂದರೆ ಸುಗಂಧವನ್ನೇ ಮುಖ್ಯ ಕಸುಬಾಗಿಸಿಕೊಂಡ ಸಣ್ಣ ಸಂಸ್ಥೆಗಳು ಮಿತ ಪ್ರಮಾಣದಲ್ಲಿ ತಯಾರಿಸುವ ದ್ರವ್ಯಗಳನ್ನು, ಪರದೇಶದ ಹೊಸ ವಸ್ತುವೆಂದು ಭಾವಿಸುವುದು ಸರಿಯಲ್ಲ.

ಊದು ಎಂಬುದು ಮರದ ಸಹಜ ಗುಣವಲ್ಲ, ಗಾಯಗೊಂಡ ಮರದ ಪ್ರತಿಕ್ರಿಯೆ. ಅಸ್ಸಾಂ, ತ್ರಿಪುರಾಗಳಿಂದ ಆಗ್ನೇಯ ಏಷ್ಯಾದವರೆಗೆ ಬೆಳೆಯುವ ಅಕ್ವಿಲೇರಿಯಾ ಜಾತಿಯ ಮರದ ಹಸಿ ತಿರುಳು ಬಿಳಿಯಾಗಿ, ಹಗುರವಾಗಿ, ಬಹುಮಟ್ಟಿಗೆ ವಾಸನೆಯಿಲ್ಲದೆ ಇರುತ್ತದೆ. ಕಾಂಡ ಕೊರೆಯುವ ಹುಳುವಿನ ದಾರಿಯಲ್ಲಿ ಶಿಲೀಂಧ್ರ ಒಳಹೊಕ್ಕಾಗ ಮರ ತನ್ನ ರಕ್ಷಣೆಗೆಂದು ಕಪ್ಪು ರಾಳವನ್ನು ತುಂಬಿಕೊಳ್ಳುತ್ತದೆ, ಆ ರಾಳ ತುಂಬಿದ ಭಾಗವೇ ಅಗರು. ರಾಳ ಚೆನ್ನಾಗಿ ತುಂಬಿದ ತುಂಡು ನೀರಿನಲ್ಲಿ ಮುಳುಗುತ್ತದೆ. ಚೀನೀಯರು ಅದನ್ನು ‘ಮುಳುಗುವ ಪರಿಮಳ’ವೆಂದೇ ಕರೆದರು. ಚೂರು ಮಾಡಿದ ಕಟ್ಟಿಗೆಯನ್ನು ದಿನಗಟ್ಟಲೆ ನೀರಿನಲ್ಲಿ ನೆನೆಹಾಕಿ, ಬಳಿಕ ಭಟ್ಟಿಯಿಳಿಸಿ ಎಣ್ಣೆ ತೆಗೆಯುತ್ತಾರೆ. ಅಸ್ಸಾಮಿನ ಹೋಜಾಯಿ ಈ ವ್ಯಾಪಾರಕ್ಕೆ ಹೆಸರಾದ ಊರು. ನೆನೆಹಾಕುವಾಗ ಬರುವ ಹುಳಿಯಿಂದಾಗಿ ಎಣ್ಣೆಯ ಮೊದಲ ವಾಸನೆಯಲ್ಲಿ ದನದ ಕೊಟ್ಟಿಗೆ, ತೊಗಲು, ಹಳೆಯ ಪೆಟ್ಟಿಗೆಗಳೆಲ್ಲ ನೆನಪಾಗುತ್ತವೆ. ಈ ಗಡಸುತನವೇ ಊದಿನ ಘನತೆ, ಹೊಸಬರಿಗೆ ಅದೇ ತೊಡಕು.

ಸಿಹಿಯ ಕೆಲಸ ಇಲ್ಲಿ ಆರಂಭವಾಗುತ್ತದೆ. ತಿನಿಸಿನ ನೆನಪು ತರುವ ಪರಿಮಳಗಳನ್ನು ಸುಗಂಧಕಾರರು ‘ಗೂರ್ಮಾಂಡ್’ ಎನ್ನುತ್ತಾರೆ. ತಿಂಡಿಪ್ರಿಯ ಎಂಬುದು ಈ ಫ್ರೆಂಚ್ ಪದದ ಅರ್ಥ. 1992ರಲ್ಲಿ ಸುಗಂಧಕಾರ ಒಲಿವಿಯೆ ಕ್ರೆಸ್ಪ್ ರೂಪಿಸಿದ ‘ಏಂಜೆಲ್’ ಈ ವರ್ಗವನ್ನು ಸ್ಥಾಪಿಸಿತು. ಅದರಲ್ಲಿ ಪಚೋಲಿಯೊಡನೆ ಸೇರಿದ್ದು ಈಥೈಲ್ ಮಾಲ್ಟಾಲ್, ಜಾತ್ರೆಯ ಬಾಂಬೆ ಮಿಠಾಯಿಯ ವಾಸನೆಯ ರಾಸಾಯನಿಕ. ಊದು ಮತ್ತು ಸಿಹಿ ಏಕೆ ಹೊಂದುತ್ತವೆ ಎಂಬುದನ್ನು ಮಂಡ್ಯದ ಆಲೆಮನೆಯಲ್ಲಿ ನಿಂತವರಿಗೆ ವಿವರಿಸಬೇಕಾಗಿಲ್ಲ: ಒಲೆಯಲ್ಲಿ ಉರಿಯುವ ಕಬ್ಬಿನ ಸಿಪ್ಪೆಯ ಹೊಗೆ, ಕೊಪ್ಪರಿಗೆಯಲ್ಲಿ ಕುದಿದು ಕೆಂಪೇರುವ ಪಾಕದ ಆವಿ, ಎರಡೂ ಒಂದೇ ಉಸಿರಿನಲ್ಲಿ ಬಂದಾಗ ಹೊಗೆಯ ಕಹಿ ಸಿಹಿಯನ್ನು ಮೊಂಡಾಗಲು ಬಿಡುವುದಿಲ್ಲ. ಇದಕ್ಕೆ ರಾಸಾಯನಿಕ ಆಧಾರವೂ ಇದೆ. ಮರಕ್ಕೆ ಗಟ್ಟಿತನ ಕೊಡುವ ಲಿಗ್ನಿನ್ ಸುಟ್ಟಾಗ ಹೊಗೆಯ ವಾಸನೆಯ ಗ್ವಾಯಕಾಲ್ ಹುಟ್ಟುತ್ತದೆ, ಅದರೊಂದಿಗೆ ಅದರ ಹತ್ತಿರದ ಬಂಧುವಾದ ವೆನಿಲಿನ್ ಕೂಡ. ವೆನಿಲಾದ ಪರಿಮಳಕ್ಕೆ ಮುಖ್ಯ ಕಾರಣವಾದ ಈ ವೆನಿಲಿನ್ 1874ರಲ್ಲೇ ಪ್ರಯೋಗಶಾಲೆಯಲ್ಲಿ ತಯಾರಾಗಿತ್ತು.

ಅಡುಗೆ ಮತ್ತು ಸುಗಂಧ ಅಕ್ಕಪಕ್ಕದ ವಿದ್ಯೆಗಳೆಂಬುದು ಕನ್ನಡಕ್ಕೆ ಸಾವಿರ ವರ್ಷಗಳಿಂದ ಗೊತ್ತಿದೆ. ಕಲ್ಯಾಣದ ಚಾಲುಕ್ಯರ ಕಾಲದಲ್ಲಿ, ಸುಮಾರು 1025ರಲ್ಲಿ, ಇಮ್ಮಡಿ ಚಾವುಂಡರಾಯ ರಚಿಸಿದ ‘ಲೋಕೋಪಕಾರ’ದಲ್ಲಿ ಸುಗಂಧ ತಯಾರಿಕೆಯೂ ಪಾಕಶಾಸ್ತ್ರವೂ ಒಂದೇ ಹೊದಿಕೆಯೊಳಗಿವೆ, ಮುಂದಿನ ಶತಮಾನದಲ್ಲಿ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ ಲೇಪನ, ಧೂಪ, ಅನ್ನಗಳನ್ನು ಅರಸನ ಭೋಗಗಳ ಸಾಲಿನಲ್ಲಿ ನಿಲ್ಲಿಸಿತು. ಅಗರು ಪೂಸಿಕೊಳ್ಳುವುದು ಗಂಡಸಿಗೆ ಸಲ್ಲದೆಂಬ ಮಾತು ಆ ಲೋಕದಲ್ಲಿ ಇರಲೇ ಇಲ್ಲ. ‘ಯೂನಿಸೆಕ್ಸ್’ ಎಂಬ ಚೀಟಿ ಅಂಟಿಸಬೇಕಾಗಿ ಬಂದದ್ದು ಸುಗಂಧದ ಬಾಟಲಿಗಳನ್ನು ಗಂಡಿಗೆ ಬೇರೆ, ಹೆಣ್ಣಿಗೆ ಬೇರೆ ಎಂದು ವಿಂಗಡಿಸಿದ ಮೇಲೆ. ಧೂಪದ ಹಳೆಯ ಸೂತ್ರಗಳಲ್ಲಿ ಅಗರುವಿನ ಜೊತೆಗೆ ಬೆಲ್ಲ ಮತ್ತು ಜೇನು ಬರುತ್ತವೆ, ಮೈಸೂರಿನ ಮಸಾಲೆ ಊದುಬತ್ತಿಯ ಹಿಟ್ಟಿಗೆ ಜೇನೂ ಹಾಲುಮಡ್ಡಿ ಎಂಬ ಸಿಹಿ ವಾಸನೆಯ ಅಂಟೂ ಸೇರುತ್ತಿದ್ದವು. ಕೃಷ್ಣೆಯ ಕೆಳಹರಿವಿನಲ್ಲೂ ಇದೇ ಅಭಿರುಚಿ: ಮೋಟುಪಲ್ಲಿ ಬಂದರಿನಲ್ಲಿ ಕಾಕತೀಯ ಗಣಪತಿದೇವ 1244ರ ಸುಮಾರಿಗೆ ಹಾಕಿಸಿದ ಶಾಸನ ಶ್ರೀಗಂಧ, ಕರ್ಪೂರ, ಪನ್ನೀರುಗಳ ಸುಂಕವನ್ನು ಗೊತ್ತುಮಾಡಿದರೆ, ಕೊಂಡವೀಡಿನ ಕುಮಾರಗಿರಿ ರೆಡ್ಡಿ ವಸಂತೋತ್ಸವದಲ್ಲಿ ಕರ್ಪೂರ ಚೆಲ್ಲಿ ‘ಕರ್ಪೂರ ವಸಂತರಾಯ’ನೆನಿಸಿಕೊಂಡ.

ಪಶ್ಚಿಮದ ದೊಡ್ಡ ಮಾರುಕಟ್ಟೆಗೆ ಊದನ್ನು ಪರಿಚಯಿಸಿದ್ದು 2002ರ ‘ಎಂ7’ ಎಂಬ ಸುಗಂಧ, ಅದನ್ನು ಗಂಡು ಹೆಣ್ಣು ಇಬ್ಬರಿಗೂ ಒಪ್ಪಿಸಿದ್ದು 2007ರ ‘ಊದ್ ವುಡ್’; 2015ರಲ್ಲಿ ಸುಗಂಧಕಾರ ಫ್ರಾನ್ಸಿಸ್ ಕುರ್ಕ್‌ಜಾನ್‌ರ ‘ಊದ್ ಸ್ಯಾಟಿನ್ ಮೂಡ್’ ಗುಲಾಬಿ, ಲೋಬಾನ, ವೆನಿಲಾಗಳನ್ನು ಊದಿನ ಮೇಲೆ ಹರಡಿತು. ಇಂಥ ಮಿಶ್ರಣದ ಹನಿಯೊಂದನ್ನು ಮಣಿಕಟ್ಟಿಗೆ ಮುಟ್ಟಿಸಿದರೆ ಮೊದಲು ಕೇಸರಿಯೋ ಏಲಕ್ಕಿಯೋ ಹಾಯ್ದುಹೋಗುತ್ತದೆ, ಕಾಲು ಗಂಟೆಯೊಳಗೆ ಊದಿನ ಕೊಟ್ಟಿಗೆ ವಾಸನೆ ಮೇಲೇಳುತ್ತದೆ, ಬಳಿಕ ನಿಧಾನವಾಗಿ ವೆನಿಲಾ ಅದನ್ನು ಕೆನೆಯಂತೆ ಮುಚ್ಚುತ್ತದೆ. ಇವೆರಡರ ಕಣಗಳೂ ತಡವಾಗಿ ಆರುವುದರಿಂದ ಮರುದಿನ ಒಗೆಯಲು ತೆಗೆದ ಅಂಗಿಯ ತೋಳಿನಲ್ಲಿಯೂ ಅವು ಉಳಿದಿರುತ್ತವೆ. ಪಾಕ ಒಂದೆಳೆಯಷ್ಟು ಹೆಚ್ಚಾದರೂ ಊದು ಮಿಠಾಯಿ ಅಂಗಡಿಯಲ್ಲಿ ಕಳೆದುಹೋಗುತ್ತದೆ, ಮಾರುಕಟ್ಟೆಯ ಬಹಳಷ್ಟು ಬಾಟಲಿಗಳ ದೋಷ ಇದೇ.

ಊದು, ವೆನಿಲಾ ಎಂಬ ಈ ಎರಡು ಮೂಲವಸ್ತುಗಳೂ ಈಗ ಮಲೆನಾಡಿನಲ್ಲೇ ಬೆಳೆಯುತ್ತಿವೆ. 2003ರ ಸುಮಾರಿಗೆ ಹಸಿ ವೆನಿಲಾ ಕೋಡಿನ ಬೆಲೆ ಗಗನಕ್ಕೇರಿ ಸ್ವಲ್ಪದರಲ್ಲೇ ನೆಲಕಚ್ಚಿದಾಗ ಅನೇಕರು ಬಳ್ಳಿಯನ್ನು ಕಿತ್ತುಹಾಕಿದರು, ಕೆಲವರು ಉಳಿಸಿಕೊಂಡರು. ಅದೇ ಅಡಿಕೆ, ಕಾಫಿ ತೋಟಗಳಲ್ಲಿ ಈಚೆಗೆ ಅಗರು ಸಸಿಗಳೂ ಎದ್ದಿವೆ. ಹುಳುವಿಗಾಗಿ ಕಾಯದೆ, ಬಲಿತ ಕಾಂಡಕ್ಕೆ ಸಾಲಾಗಿ ರಂಧ್ರ ಕೊರೆದು ಶಿಲೀಂಧ್ರದ ದ್ರಾವಣ ತುಂಬುತ್ತಾರೆ, ರಾಳ ಕಪ್ಪಾಗಲು ವರ್ಷಗಳು ಬೇಕು. ಪಕ್ಕದ ಮರಕ್ಕೆ ಹಬ್ಬಿದ ವೆನಿಲಾದ ಹೂವು ಅರಳಿದ ದಿನವೇ, ಮಧ್ಯಾಹ್ನದೊಳಗೆ, ಕೈಯಿಂದ ಕಡ್ಡಿ ಹಿಡಿದು ಒಂದೊಂದಕ್ಕೂ ಪರಾಗ ಮುಟ್ಟಿಸಬೇಕು.