ಓಗೊಟ್ಟಿತೆ ಆ ಕಡೆ?

ಹಳೆಯ ಬಾವಿಗೆ ಬಗ್ಗಿ ಕೂಗಿ, ಮರುದನಿಗಾಗಿ ಕಿವಿಗೊಟ್ಟು ನಿಲ್ಲದ ಬಾಲ್ಯವುಂಟೆ? ಆ ಆಟವನ್ನೇ ಕಂಪ್ಯೂಟರಿಗೆ ಕಲಿಸಿದಾತ ಮೈಕ್ ಮೂಸ್. ಅಮೆರಿಕದ ಸೈನ್ಯದ ಸಂಶೋಧನಾಲಯವೊಂದರಲ್ಲಿದ್ದ ಈತ 1983ರ ಡಿಸೆಂಬರಿನಲ್ಲಿ, ಅಲ್ಲಿನ ಜಾಲದ ವಿಚಿತ್ರ ವರ್ತನೆಗೆ ಕಾರಣ ಹುಡುಕಲೆಂದು, ರಾತ್ರಿಯೆಲ್ಲ ಕುಳಿತು ಒಂದು ಪುಟ್ಟ ಪ್ರೋಗ್ರಾಮನ್ನು ಬರೆದ. ಜಲಾಂತರ್ಗಾಮಿಗಳನ್ನು ಪತ್ತೆಹಚ್ಚುವ ಸೋನಾರಿನ ಸದ್ದನ್ನು ನೆನೆದು ಅದಕ್ಕೆ ‘ಪಿಂಗ್’ ಎಂದು ಹೆಸರಿಟ್ಟ. ವಿನೋದವೆಂದರೆ, ಪಿಂಗ್ ತನ್ನ ಮೊದಲ ಕೂಗು ಹಾಕುವ ಮುನ್ನವೇ ಆ ದೋಷವನ್ನು ಬೇರೊಬ್ಬರು ಸರಿಪಡಿಸಿದ್ದರು! ಆದರೂ ಅಂದಿನ ಆ ಶ್ರಮ ಇಂದಿಗೂ ಲೋಕಕ್ಕೆಲ್ಲ ಉಪಕಾರ ಮಾಡುತ್ತಿದೆ.

ಅದರ ಉಪಕಾರ ನನಗೆ ತಿಳಿದದ್ದು ಒಂದು ರಾತ್ರಿ. ಪಕ್ಕದ ಮನೆಯ ಹುಡುಗಿ ಕಾಲೇಜು ಪ್ರವೇಶದ ಅರ್ಜಿ ತುಂಬುತ್ತಿದ್ದಳು. ಅಂದೇ ಕಡೆಯ ದಿನ. ಹತ್ತು ಗಂಟೆಯ ವೇಳೆಗೆ ಪುಟವೇ ತೆರೆಯದಾಯಿತು. ಮೊಬೈಲಿನ ಡೇಟಾ ಆಗಲೇ ಮುಗಿದಿತ್ತು. ತಂದೆ ಫೋನು ಮಾಡಿದರೆ, “ನಮ್ಮ ಕಡೆಯಿಂದ ಎಲ್ಲ ಸರಿಯಾಗಿದೆ” ಎಂಬ ಉತ್ತರ. “ಮೇಷ್ಟ್ರೇ, ಹನ್ನೆರಡಕ್ಕೆ ಮುಗಿದುಹೋಗುತ್ತೆ!” ಎನ್ನುತ್ತ ಹುಡುಗಿ ಕಣ್ತುಂಬಿಕೊಂಡು ಬಾಗಿಲಲ್ಲಿ ನಿಂತಳು. ಕನ್ನಡದ ಮೇಷ್ಟರಿಗೂ ಕಂಪ್ಯೂಟರಿಗೂ ಎಲ್ಲಿಯ ನಂಟು ಎನ್ನಬೇಡಿ. ಆಜ್ಞೆಗಳನ್ನು ಅಕ್ಷರದಲ್ಲೇ ಬರೆಯುವ ಆ ಕಪ್ಪು ಪರದೆಯ ಪರಿಚಯ ನನಗೆ ಅಷ್ಟಿಷ್ಟು ಇತ್ತು.

ಕಳೆದ ವಸ್ತುವನ್ನು ಮೊದಲು ಮನೆಯಲ್ಲಿ, ಆಮೇಲೆ ಬೀದಿಯಲ್ಲಿ ಹುಡುಕುವುದು ಲೋಕರೂಢಿ. ಇಲ್ಲಿಯೂ ಅದೇ ಕ್ರಮ. ಮೊದಲು 127.0.0.1 ಎಂಬ ವಿಳಾಸಕ್ಕೆ ಪಿಂಗ್ ಕಳುಹಿಸಿದೆವು. ಇದು ಕಂಪ್ಯೂಟರು ತನ್ನನ್ನು ತಾನೇ ಕರೆದುಕೊಳ್ಳುವ ವಿಳಾಸ. ಓಗೊಟ್ಟಿತು. ಬಳಿಕ ಮನೆಯ ರೌಟರು, ಅದೂ ಓಗೊಟ್ಟಿತು. ಮೂರನೆಯದಾಗಿ ಹೊರಲೋಕದ 8.8.8.8. ಅಲ್ಲಿಂದಲೂ ಕೆಲವೇ ಮಿಲಿಸೆಕೆಂಡುಗಳಲ್ಲಿ ಮರುದನಿ! ನಷ್ಟ ಶೇಕಡಾ 0. ಅಂದರೆ ಕಳುಹಿಸಿದ ಪೊಟ್ಟಣಗಳಲ್ಲಿ ಒಂದೂ ದಾರಿಯಲ್ಲಿ ಕಳೆದಿರಲಿಲ್ಲ. ಕೊನೆಗೆ ಅಂಕಿಗಳ ಬದಲು ಅರ್ಜಿಯ ತಾಣದ ಹೆಸರನ್ನೇ ಬರೆದೆವು. “ಇಂಥ ಹೆಸರು ಸಿಕ್ಕಲಿಲ್ಲ” ಎಂದಿತು ಯಂತ್ರ.

ಕಳ್ಳ ಸಿಕ್ಕಿದ! ದಾರಿ ಸರಿಯಾಗಿಯೇ ಇತ್ತು. ಕೆಟ್ಟಿದ್ದು ವಿಳಾಸದ ಪುಸ್ತಕ. ಹೆಸರನ್ನು ಅಂಕಿಯಾಗಿ ಬಿಡಿಸಿ ಹೇಳುವ ಈ ಪುಸ್ತಕಕ್ಕೆ ಡಿಎನ್‌ಎಸ್ ಎಂದು ಹೆಸರು. ಪಾಲ್ ಮೊಕಾಪೆಟ್ರಿಸ್ ಇದರ ವಿಧಾನವನ್ನು ಪ್ರಕಟಿಸಿದ್ದೂ ಅದೇ 1983ರಲ್ಲಿ. 8.8.8.8 ಎಂಬುದು ಗೂಗಲ್ ಸಂಸ್ಥೆ 2009ರಲ್ಲಿ ಸಾರ್ವಜನಿಕರಿಗಾಗಿ ತೆರೆದಿಟ್ಟ ಇಂಥ ಪುಸ್ತಕವೇ. ಕಂಪ್ಯೂಟರಿನ ಜಾಲದ ಸೆಟ್ಟಿಂಗಿನಲ್ಲಿ ಅದನ್ನು ನಮೂದಿಸಿದೊಡನೆ ಪುಟ ತೆರೆಯಿತು. ಹನ್ನೊಂದಕ್ಕೆ ಮುನ್ನ ಅರ್ಜಿ ಸೇರಬೇಕಾದಲ್ಲಿ ಸೇರಿತು.

ದಾರಿಯೇ ಕೆಟ್ಟಿದ್ದರೆ ಏನು ಮಾಡಬೇಕು? ಅದಕ್ಕೆ ‘ಟ್ರೇಸ್‌ರೂಟ್’ ಉಂಟು; ವಿಂಡೋಸಿನಲ್ಲಿ ‘ಟ್ರೇಸರ್ಟ್’. ವ್ಯಾನ್ ಜೇಕಬ್ಸನ್ ಬರೆದ ಇದು, ಒಂದೊಂದಾಗಿ ಹೆಚ್ಚುವ ಆಯುಷ್ಯವನ್ನು ಕೊಟ್ಟು ಪೊಟ್ಟಣಗಳನ್ನು ಕಳುಹಿಸುತ್ತದೆ. ಆಯುಷ್ಯ ತೀರಿದ ಕಟ್ಟೆಯವರು “ನಿಮ್ಮ ಪೊಟ್ಟಣ ಇಲ್ಲಿ ಮುಗಿಯಿತು” ಎಂದು ಸುದ್ದಿ ಮುಟ್ಟಿಸುತ್ತಾರೆ. ಹೀಗೆ ದಾರಿಯ ನಕ್ಷೆ ತಾನಾಗಿ ಮೂಡುತ್ತದೆ. ನಮ್ಮ ಯಂತ್ರ ಈಗ ಯಾರು ಯಾರೊಡನೆ ಮಾತಿಗೆ ಕುಳಿತಿದೆಯೆಂದು ತಿಳಿಯಲು ‘ನೆಟ್‌ಸ್ಟ್ಯಾಟ್’ ಎಂಬ ಆಜ್ಞೆಯಿದೆ.

ಒಂದು ಎಚ್ಚರಿಕೆ: ಮೌನವೆಲ್ಲ ಮರಣವಲ್ಲ. ಭದ್ರತೆಗಾಗಿ ಪಿಂಗಿಗೆ ಬೇಕೆಂದೇ ಓಗೊಡದ ಯಂತ್ರಗಳುಂಟು. ಮನೆಯಲ್ಲಿದ್ದೂ ಕದ ತೆರೆಯದ ನೆರೆಯವರಿಲ್ಲವೆ?

ಮೂಸ್ 2000ದಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡ. ಆತನ ಹೆಸರು ನಮ್ಮ ಬೀದಿಯಲ್ಲಿ ಯಾರಿಗೂ ತಿಳಿಯದು. ಆದರೆ ಈಗ ಜಾಲ ಕೆಟ್ಟರೆ ಪಕ್ಕದ ಮನೆಯ ಹುಡುಗಿ ಅಳುವುದಿಲ್ಲ. ತಂದೆ ಫೋನಿಗೆ ಕೈಹಾಕುವಷ್ಟರಲ್ಲಿ, “ತಡೀರಿ ಅಪ್ಪ, ಮೊದಲು ಕೂಗಿ ನೋಡ್ತೀನಿ” ಎನ್ನುತ್ತಾಳೆ.