ಹತ್ತು ಲಕ್ಷದಲ್ಲಿ ಒಂದು ಪಾಲು: ಮನೆಯೊಳಗಿನ ವಿಷಗಳ ಲೆಕ್ಕ

ರಸಾಯನಶಾಸ್ತ್ರದ ಪ್ರಯೋಗಾಲಯಕ್ಕೆ ಕಾಲಿಡುವ ವಿದ್ಯಾರ್ಥಿಗೆ ಮೊದಲ ದಿನವೇ ಕೆಲವು ಎಚ್ಚರಿಕೆಗಳನ್ನು ಹೇಳಿಕೊಡುತ್ತೇವೆ. ಸೀಸೆಯ ಮೇಲಿನ ಚೀಟಿಯನ್ನು ಓದದೆ ಮುಟ್ಟಬಾರದು. ಗೊತ್ತಿಲ್ಲದ ಎರಡು ದ್ರಾವಣಗಳನ್ನು ಬೆರೆಸಬಾರದು. ಗಾಳಿಯಾಡದ ಕಡೆ ಅನಿಲ ತಯಾರಿಸಬಾರದು. ಅದೇ ವಿದ್ಯಾರ್ಥಿಯ ಮನೆಯ ಬಚ್ಚಲಿನಲ್ಲಿ ಹೈಡ್ರೊಕ್ಲೋರಿಕ್ ಆಮ್ಲ, ಸೋಡಿಯಂ ಹೈಪೋಕ್ಲೋರೈಟ್ ಮತ್ತು ಕಾಸ್ಟಿಕ್ ಸೋಡ ಬೇರೆ ಬೇರೆ ಹೆಸರುಗಳಲ್ಲಿ ಒಂದರ ಪಕ್ಕ ಒಂದು ಇರುತ್ತವೆ. ಕನ್ನಡಿಯ ಮುಂದೆ ಇನ್ನಷ್ಟು ಸಂಯುಕ್ತಗಳು ಕ್ರೀಮು, ಪೌಡರುಗಳ ರೂಪದಲ್ಲಿರುತ್ತವೆ. ಆದರೆ ಮನೆಯಲ್ಲಿ ಆ ಎಚ್ಚರಿಕೆಗಳನ್ನು ಯಾರೂ ನೆನಪಿಸುವುದಿಲ್ಲ.

'ರಾಸಾಯನಿಕ' ಎಂಬ ಪದ ಕೇಳಿದೊಡನೆ ಕೆಲವರು ಹೆದರುತ್ತಾರೆ. ಅಂಗಡಿಯಲ್ಲಿ ಮಾರುವುದು ಅಪಾಯಕಾರಿ ಆಗಿರಲಾರದೆಂದು ಇನ್ನು ಕೆಲವರು ನಿಶ್ಚಿಂತರಾಗಿರುತ್ತಾರೆ. ಎರಡೂ ಸರಿಯಲ್ಲ. ನೀರೂ ಒಂದು ರಾಸಾಯನಿಕ, ಅಡುಗೆ ಉಪ್ಪೂ ಒಂದು ರಾಸಾಯನಿಕ. ಒಂದು ವಸ್ತು ಹಾನಿ ಮಾಡುತ್ತದೆಯೇ ಎಂದು ತಿಳಿಯಲು ಮೂರು ಪ್ರಶ್ನೆಗಳನ್ನು ಕೇಳಬೇಕು. ಎಷ್ಟು ಪ್ರಮಾಣದಲ್ಲಿದೆ? ಯಾವ ದಾರಿಯಲ್ಲಿ ದೇಹವನ್ನು ಸೇರುತ್ತದೆ? ಯಾವುದರ ಜೊತೆ ಸೇರುತ್ತದೆ? ಈ ಪ್ರಶ್ನೆಗಳಿಗೆ ಉತ್ತರ ಹುಡುಕಲು ಪ್ರೌಢಶಾಲೆಯ ಗಣಿತ ಸಾಕು. ಎರಡು ಉದಾಹರಣೆಗಳನ್ನು ನೋಡೋಣ.

ಪಿಪಿಎಂ ಎಂದರೇನು?

ಅತ್ಯಲ್ಪ ಪ್ರಮಾಣಗಳನ್ನು ಹೇಳಲು ಶೇಕಡಾವಾರು ಅನುಕೂಲವಲ್ಲ. ಹತ್ತು ಲಕ್ಷ ಪಾಲುಗಳಲ್ಲಿ ಒಂದು ಪಾಲನ್ನು ಒಂದು 'ಪಿಪಿಎಂ' ಎನ್ನುತ್ತೇವೆ. ಘನ, ದ್ರವಗಳಲ್ಲಿ ಇದನ್ನು ಸಾಮಾನ್ಯವಾಗಿ ತೂಕದ ಲೆಕ್ಕದಲ್ಲಿಯೂ ಅನಿಲಗಳಲ್ಲಿ ಗಾತ್ರದ ಲೆಕ್ಕದಲ್ಲಿಯೂ ಹೇಳುತ್ತಾರೆ. ಒಂದು ಗ್ರಾಂ ಕ್ರೀಮಿನಲ್ಲಿ ಒಂದು ಮೈಕ್ರೊಗ್ರಾಂ ಪಾದರಸವಿದ್ದರೆ ಅದು 1 ಪಿಪಿಎಂ. ಶೇಕಡಾ ಒಂದು ಎಂದರೆ 10,000 ಪಿಪಿಎಂ.

ತರಗತಿಯಲ್ಲಿ ಇದನ್ನು ಸುಲಭವಾಗಿ ತೋರಿಸಬಹುದು. ಆರು ಗಾಜಿನ ಲೋಟಗಳನ್ನು ಸಾಲಾಗಿಟ್ಟು ಪ್ರತಿಯೊಂದಕ್ಕೂ 9 ಮಿಲಿಲೀಟರ್ ನೀರು ಹಾಕಿ. ಮೊದಲನೆಯದಕ್ಕೆ 1 ಮಿಲಿಲೀಟರ್ ಶಾಯಿ ಬೆರೆಸಿ. ಅದರಿಂದ 1 ಮಿಲಿಲೀಟರ್ ತೆಗೆದು ಎರಡನೆಯದಕ್ಕೆ, ಎರಡನೆಯದರಿಂದ ಮೂರನೆಯದಕ್ಕೆ, ಹೀಗೆ ಮುಂದುವರಿಯಿರಿ. ಆರನೆಯ ಲೋಟದಲ್ಲಿರುವುದು 1 ಪಿಪಿಎಂ ಶಾಯಿ. ಅದು ಬರಿಯ ನೀರಿನಂತೆ ಕಾಣುತ್ತದೆ, ಆದರೂ ಶಾಯಿ ಅದರಲ್ಲಿದೆ. ಕಣ್ಣಿಗೆ ಕಾಣದ್ದು ಇಲ್ಲವೆಂದು ಭಾವಿಸಬಾರದೆಂಬುದಕ್ಕೆ ಇದಕ್ಕಿಂತ ಸರಳ ಪ್ರಯೋಗ ಬೇಕಿಲ್ಲ.

ಶೌಚಾಲಯದಲ್ಲಿ ಕ್ಲೋರಿನ್

ಶೌಚಾಲಯ ತೊಳೆಯುವ ಅನೇಕ ದ್ರವಗಳಲ್ಲಿ ಸುಮಾರು ಶೇಕಡಾ 10ರಷ್ಟು ಹೈಡ್ರೊಕ್ಲೋರಿಕ್ ಆಮ್ಲವಿರುತ್ತದೆ. ಬಟ್ಟೆಯ ಕಲೆ ತೆಗೆಯುವ ಮತ್ತು ನೆಲ ಒರೆಸುವ ಬ್ಲೀಚ್ ದ್ರವದಲ್ಲಿ ಶೇಕಡಾ 4ರಿಂದ 5ರಷ್ಟು ಸೋಡಿಯಂ ಹೈಪೋಕ್ಲೋರೈಟ್ ಇರುತ್ತದೆ. 2020ರ ಕೋವಿಡ್ ಪಿಡುಗಿನ ಕಾಲದಲ್ಲಿ ಈ ಎರಡನೆಯ ಹೆಸರು ಮನೆಮಾತಾಯಿತು. ಎರಡನ್ನೂ ಬೇರೆ ಬೇರೆಯಾಗಿ, ಚೀಟಿಯಲ್ಲಿ ಹೇಳಿದಂತೆ ಬಳಸಿದರೆ ತೊಂದರೆ ಇಲ್ಲ. ಒಂದರಿಂದ ಕಲೆ ಹೋಗಲಿಲ್ಲವೆಂದು ಅದರ ಮೇಲೆಯೇ ಇನ್ನೊಂದನ್ನು ಸುರಿದಾಗ ಅಪಾಯ ಆರಂಭವಾಗುತ್ತದೆ. ಆಗ ನಡೆಯುವ ಕ್ರಿಯೆ ಇದು:

ಸೋಡಿಯಂ ಹೈಪೋಕ್ಲೋರೈಟ್ + ಹೈಡ್ರೊಕ್ಲೋರಿಕ್ ಆಮ್ಲ → ಸೋಡಿಯಂ ಕ್ಲೋರೈಡ್ + ನೀರು + ಕ್ಲೋರಿನ್

ಎಷ್ಟು ಕ್ಲೋರಿನ್ ಹುಟ್ಟುತ್ತದೆ? ಶೇಕಡಾ 4ರ ಬ್ಲೀಚನ್ನು 100 ಮಿಲಿಲೀಟರ್, ಅಂದರೆ ಅರ್ಧ ಲೋಟದಷ್ಟು, ಸುರಿದೆವು ಎಂದುಕೊಳ್ಳೋಣ. ಅದರಲ್ಲಿ ಹೈಪೋಕ್ಲೋರೈಟ್ ಸುಮಾರು 4 ಗ್ರಾಂ ಇದೆ. ಇದರ ಅಣುತೂಕ 74.5. ಹಾಗಾಗಿ ನಮ್ಮಲ್ಲಿರುವುದು 0.054 ಮೋಲ್. ಸಾಕಷ್ಟು ಆಮ್ಲವಿದ್ದರೆ ಅಷ್ಟೇ ಮೋಲ್ ಕ್ಲೋರಿನ್ ಬರುತ್ತದೆ. ಕೊಠಡಿಯ ಉಷ್ಣತೆಯಲ್ಲಿ ಒಂದು ಮೋಲ್ ಅನಿಲದ ಗಾತ್ರ ಸುಮಾರು 24.5 ಲೀಟರ್. ಆದ್ದರಿಂದ ಹುಟ್ಟುವ ಕ್ಲೋರಿನ್ 1.3 ಲೀಟರ್.

ಶೌಚಾಲಯ 5 ಅಡಿ ಉದ್ದ, 4 ಅಡಿ ಅಗಲ, 8 ಅಡಿ ಎತ್ತರವಿದೆ ಎನ್ನೋಣ. ಅದರಲ್ಲಿ ಹಿಡಿಯುವ ಗಾಳಿ ಸುಮಾರು 4,500 ಲೀಟರ್. 1.3 ಲೀಟರ್ ಕ್ಲೋರಿನ್ ಇದರಲ್ಲಿ ಸಮವಾಗಿ ಹರಡಿದರೆ ಪ್ರಮಾಣ 290 ಪಿಪಿಎಂ ಆಗುತ್ತದೆ. ವಾಸ್ತವದಲ್ಲಿ ಒಂದಿಷ್ಟು ಕ್ಲೋರಿನ್ ನೀರಿನಲ್ಲೇ ಕರಗಿ ಉಳಿಯುತ್ತದೆ. ಕಿಟಕಿಯಿಂದ ಸ್ವಲ್ಪ ಹೊರಹೋಗುತ್ತದೆ. ಹತ್ತರಲ್ಲಿ ಒಂದು ಪಾಲು ಮಾತ್ರ ಗಾಳಿಯಲ್ಲಿ ಉಳಿದರೂ ಸುಮಾರು 30 ಪಿಪಿಎಂ. ಅಮೆರಿಕದಲ್ಲಿ ಕಾರ್ಖಾನೆಯ ಕಾರ್ಮಿಕರಿಗೆ ಯಾವ ಕ್ಷಣದಲ್ಲಿಯೂ ಮೀರಬಾರದೆಂದು ವಿಧಿಸಿರುವ ಮಿತಿ 1 ಪಿಪಿಎಂ. ಜೀವಕ್ಕೆ ಮತ್ತು ಆರೋಗ್ಯಕ್ಕೆ ತಕ್ಷಣದ ಅಪಾಯವೆಂದು ಅಲ್ಲಿ ಗುರುತಿಸಿರುವ ಪ್ರಮಾಣ 10 ಪಿಪಿಎಂ. ಅರ್ಧ ಲೋಟ ಬ್ಲೀಚಿನ ಹತ್ತನೆಯ ಒಂದು ಪಾಲು ಇದರ ಮೂರರಷ್ಟಾಯಿತು.

ಇಲ್ಲಿ ಇನ್ನೊಂದು ಅಂಶವೂ ಇದೆ. ಕ್ಲೋರಿನ್ನಿನ ಅಣುತೂಕ 71, ಗಾಳಿಯ ಸರಾಸರಿ 29. ಗಾಳಿಗಿಂತ ಸುಮಾರು ಎರಡೂವರೆ ಪಟ್ಟು ಭಾರವಾದ ಈ ಅನಿಲ ಮೊದಲು ನೆಲದ ಮಟ್ಟದಲ್ಲಿ ತುಂಬುತ್ತದೆ. ಕುಕ್ಕುರುಗಾಲಿನಲ್ಲಿ ಕುಳಿತು ನೆಲ ಉಜ್ಜುವವರ ಮೂಗು ಇರುವುದು ಆ ಮಟ್ಟದಲ್ಲೇ. 1915ರ ಏಪ್ರಿಲ್ 22ರಂದು ಬೆಲ್ಜಿಯಂನ ಈಪ್ರ್ ಬಳಿಯ ಯುದ್ಧಭೂಮಿಯಲ್ಲಿ ಸೈನಿಕರ ಮೇಲೆ ಹರಿಯಬಿಟ್ಟ ಅನಿಲವೂ ಇದೇ. ಭಾರವಾದ ಕಾರಣ ಅದು ಕಂದಕಗಳೊಳಕ್ಕೆ ಇಳಿಯಿತು.

ಶ್ವಾಸನಾಳದ ತೇವದಲ್ಲಿ ಕರಗಿದ ಕ್ಲೋರಿನ್ ಆಮ್ಲಗಳನ್ನುಂಟುಮಾಡಿ ಒಳಪೊರೆಯನ್ನು ಸುಡುತ್ತದೆ. ಕಣ್ಣುರಿ, ಕೆಮ್ಮು ಕೂಡಲೇ ಕಾಣಿಸಿಕೊಳ್ಳುತ್ತವೆ. ಶ್ವಾಸಕೋಶದಲ್ಲಿ ನೀರು ತುಂಬುವ ಗಂಭೀರ ಸ್ಥಿತಿ ಕೆಲವೊಮ್ಮೆ ಹಲವು ಗಂಟೆಗಳ ನಂತರ ಬರಬಹುದು. ಆದ್ದರಿಂದ ಹೆಚ್ಚು ಅನಿಲ ಸೇವಿಸಿದವರು ಕೆಮ್ಮು ಕಡಿಮೆಯಾಯಿತೆಂದು ಸುಮ್ಮನಿರದೆ ವೈದ್ಯರಿಗೆ ತೋರಿಸಬೇಕು.

ಬ್ಲೀಚಿಂಗ್ ಪೌಡರಿಗೂ ಇದೇ ಮಾತು ಅನ್ವಯಿಸುತ್ತದೆ. ವಿನೆಗರ್ ಮತ್ತು ನಿಂಬೆರಸ ಕೂಡ ಆಮ್ಲಗಳೇ. 'ನೈಸರ್ಗಿಕ' ಎಂಬ ಹೆಸರಿದ್ದ ಮಾತ್ರಕ್ಕೆ ಅವು ಬ್ಲೀಚಿನಿಂದ ಕ್ಲೋರಿನ್ ಹೊರಡಿಸದೆ ಬಿಡುವುದಿಲ್ಲ. ಅಮೋನಿಯವಿರುವ ದ್ರವಗಳೊಡನೆ ಬ್ಲೀಚ್ ಸೇರಿದರೆ ಕ್ಲೋರಮೀನ್ ಎಂಬ ಉಸಿರುಗಟ್ಟಿಸುವ ಅನಿಲ ಉಂಟಾಗುತ್ತದೆ.

ಮುಖಕ್ಕೆ ಹಚ್ಚುವ ಪಾದರಸ

ಕ್ಲೋರಿನ್ನಿಗೆ ಘಾಟು ವಾಸನೆಯಿದೆ, ಅದು ಎಚ್ಚರಿಸುತ್ತದೆ. ಪಾದರಸದ ಲವಣಗಳು ಎಚ್ಚರಿಸುವುದಿಲ್ಲ. ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ತಯಾರಾಗಲು ಟೈರೊಸಿನೇಸ್ ಎಂಬ ಕಿಣ್ವ ಬೇಕು. ಪಾದರಸ ಈ ಕಿಣ್ವದ ಕೆಲಸವನ್ನು ತಡೆಯುತ್ತದೆ. ಬಣ್ಣ ತಿಳಿಯಾಗಿಸುವ ಕೆಲವು ಕ್ರೀಮುಗಳಿಗೆ ಅದನ್ನು ಸೇರಿಸುವುದು ಇದಕ್ಕಾಗಿಯೇ. ಭಾರತದ 2020ರ ಸೌಂದರ್ಯವರ್ಧಕ ನಿಯಮಗಳ ಪ್ರಕಾರ ಇಂಥ ಕ್ರೀಮುಗಳಲ್ಲಿ ಉದ್ದೇಶವಿಲ್ಲದೆ ಸೇರಿರಬಹುದಾದ ಪಾದರಸವೂ 1 ಪಿಪಿಎಂ ಮೀರುವಂತಿಲ್ಲ. ಆದರೆ ಹಲವು ದೇಶಗಳಲ್ಲಿ ಪರೀಕ್ಷಿಸಿದ ಅಕ್ರಮ ಕ್ರೀಮುಗಳಲ್ಲಿ ಸಾವಿರಾರು ಪಿಪಿಎಂ ಸಿಕ್ಕಿದೆ.

ಇದರ ಲೆಕ್ಕವನ್ನೂ ಮಾಡೋಣ. 10,000 ಪಿಪಿಎಂ ಪಾದರಸವಿರುವ ಕ್ರೀಮನ್ನು ದಿನಕ್ಕೆ ಒಂದು ಗ್ರಾಂ ಹಚ್ಚಿದರೆ ಚರ್ಮದ ಮೇಲೆ 10 ಮಿಲಿಗ್ರಾಂ ಪಾದರಸ. ಅದರಲ್ಲಿ ಶೇಕಡಾ ಒಂದು ಮಾತ್ರ ಒಳಹೋಗುತ್ತದೆಂದು ಊಹಿಸಿದರೂ ದಿನಕ್ಕೆ 100 ಮೈಕ್ರೊಗ್ರಾಂ. ದೇಹದಲ್ಲಿ ನಿರವಯವ ಪಾದರಸದ ಅರ್ಧಾಯುಷ್ಯ ಸುಮಾರು ಎರಡು ತಿಂಗಳು. ವಿಕಿರಣಶೀಲತೆಯ ಪಾಠದಲ್ಲಿ ಬಳಸುವ ಸೂತ್ರವನ್ನೇ ಇಲ್ಲಿ ಬಳಸಬಹುದು: ದಿನದ ಸೇರ್ಪಡೆಯನ್ನು ಅರ್ಧಾಯುಷ್ಯದ ದಿನಗಳಿಂದಲೂ 1.44ರಿಂದಲೂ ಗುಣಿಸಿದರೆ ಕೊನೆಗೆ ದೇಹದಲ್ಲಿ ನೆಲೆಸುವ ಮೊತ್ತ ಸಿಗುತ್ತದೆ. 100 × 60 × 1.44, ಅಂದರೆ 8 ಮಿಲಿಗ್ರಾಂಗಿಂತ ಹೆಚ್ಚು. ಇದರ ಬಹುಪಾಲು ಸೇರುವುದು ಮೂತ್ರಪಿಂಡಗಳಲ್ಲಿ.

ಇದು ಕೇವಲ ಕಾಗದದ ಲೆಕ್ಕವಲ್ಲ. ಕೇರಳದ ಮಲಪ್ಪುರಂ ಜಿಲ್ಲೆಯ ಕೊಟ್ಟಕ್ಕಲ್‌ನಲ್ಲಿ ವೈದ್ಯರು 2021ರ ಜುಲೈಯಿಂದ 2023ರ ಸೆಪ್ಟೆಂಬರ್‌ವರೆಗೆ ಕಂಡ, ಮೂತ್ರಪಿಂಡದ ಸೋಸುವ ಪೊರೆ ಹಾಳಾಗಿ ಪ್ರೋಟೀನ್ ಸೋರಿಹೋಗುವ ಒಂದು ಬಗೆಯ ಕಾಯಿಲೆಯ 22 ರೋಗಿಗಳಲ್ಲಿ 15 ಮಂದಿಗೆ ಅದರ ಒಂದು ಅಪರೂಪದ ರೂಪವಿತ್ತು. ಆ 15ರಲ್ಲಿ 13 ಮಂದಿ ಬಣ್ಣ ತಿಳಿಯಾಗಿಸುವ ಕ್ರೀಮು ಬಳಸಿದ್ದರು. ಕ್ರೀಮು ನಿಲ್ಲಿಸಿದ ಮೇಲೆ ಹೆಚ್ಚಿನವರು ಚೇತರಿಸಿಕೊಂಡರು. 2010ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯ ಮತ್ತು ವರ್ಜೀನಿಯ ರಾಜ್ಯಗಳಲ್ಲಿ ನಡೆದ ತನಿಖೆಯಲ್ಲಿ ಕ್ರೀಮನ್ನು ಹಚ್ಚದ ಮನೆಮಂದಿಯಲ್ಲೂ ಪಾದರಸ ಕಂಡುಬಂದಿತು. ಟವೆಲು, ಹಾಸಿಗೆ, ಕೈಗಳ ಮೂಲಕ ಅದು ಮಗುವನ್ನೂ ತಲುಪಬಲ್ಲದು.

ಪಾದರಸದ ಬಳಕೆಗೆ ಕಡಿವಾಣ ಹಾಕುವ ಮಿನಮಾಟ ಒಪ್ಪಂದ 2017ರಲ್ಲಿ ಜಾರಿಗೆ ಬಂದಿತು. 2018ರಲ್ಲಿ ಭಾರತ ಅದನ್ನು ಅನುಮೋದಿಸಿತು. 2025ರ ಹೊತ್ತಿಗೆ ಪಾದರಸ ಸೇರಿಸಿದ ಎಲ್ಲ ಸೌಂದರ್ಯವರ್ಧಕಗಳನ್ನೂ ನಿಲ್ಲಿಸಬೇಕೆಂದು ಒಪ್ಪಂದದ ರಾಷ್ಟ್ರಗಳು 2023ರಲ್ಲಿ ತೀರ್ಮಾನಿಸಿದವು.

ಕಾಣದ್ದನ್ನು ಪತ್ತೆಹಚ್ಚುವುದು

ಕ್ರೀಮಿನಲ್ಲಿ ಪಾದರಸವಿದೆಯೇ ಎಂದು ತಿಳಿಯಲು ಭೌತವಿಜ್ಞಾನ ಸಹಾಯ ಮಾಡುತ್ತದೆ. ಮಾದರಿಯ ಮೇಲೆ ಕ್ಷ-ಕಿರಣ ಹಾಯಿಸಿದಾಗ ಪರಮಾಣುವಿನ ಒಳಕವಚದ ಎಲೆಕ್ಟ್ರಾನ್ ಹೊರಬೀಳುತ್ತದೆ. ಆ ತೆರವನ್ನು ಹೊರಕವಚದ ಎಲೆಕ್ಟ್ರಾನ್ ತುಂಬುವಾಗ ಆ ಧಾತುವಿಗೇ ವಿಶಿಷ್ಟವಾದ ಕ್ಷ-ಕಿರಣ ಹೊಮ್ಮುತ್ತದೆ. ಪಾದರಸದ ಒಂದು ಮುಖ್ಯ ಗೆರೆ ಸುಮಾರು 10 ಕಿಲೊ ಎಲೆಕ್ಟ್ರಾನ್‌ವೋಲ್ಟ್ ಬಳಿ, ಸೀಸದ್ದು 10.5ರ ಬಳಿ ಬರುತ್ತದೆ. ಕೈಯಲ್ಲಿ ಹಿಡಿಯಬಹುದಾದ ಇಂಥ ಉಪಕರಣಗಳಿಂದ ಕೆಲವೇ ನಿಮಿಷಗಳಲ್ಲಿ ಪರೀಕ್ಷೆ ಮುಗಿಯುತ್ತದೆ.

ನಾವು ಮಾಡಬಹುದಾದದ್ದು

ಬ್ಲೀಚನ್ನು ನೀರಿನ ಹೊರತು ಬೇರಾವುದರೊಂದಿಗೂ ಬೆರೆಸಬೇಡಿ. ಆಮ್ಲ ಬಳಸಿದ ಜಾಗವನ್ನು ಧಾರಾಳ ನೀರಿನಿಂದ ತೊಳೆಯದೆ ಬ್ಲೀಚ್ ಹಾಕಬೇಡಿ. ತೊಳೆಯುವಾಗ ಬಾಗಿಲು, ಕಿಟಕಿ ತೆರೆದಿರಲಿ. ಘಾಟು ಬಂದರೆ ಕೆಲಸ ಬಿಟ್ಟು ಹೊರಗೆ ಬನ್ನಿ. ಕುಡಿಯುವ ಪಾನೀಯದ ಖಾಲಿ ಬಾಟಲಿಗಳಿಗೆ ಆಮ್ಲ ತುಂಬಿಡಬೇಡಿ. ತಯಾರಕರ ವಿಳಾಸ ಮತ್ತು ಘಟಕಗಳ ಪಟ್ಟಿ ಇಲ್ಲದ ಕ್ರೀಮು ಕೊಳ್ಳಬೇಡಿ. ಪಟ್ಟಿಯಲ್ಲಿ ಕ್ಯಾಲೊಮೆಲ್, ಮರ್ಕ್ಯುರಸ್ ಕ್ಲೋರೈಡ್, ಮರ್ಕ್ಯುರಿಕ್ ಅಯೊಡೈಡ್ ಎಂದಿದ್ದರೆ ಅದು ಪಾದರಸವೇ.

ಶಿಕ್ಷಕರಲ್ಲಿ ಒಂದು ವಿನಂತಿ. ಕ್ಲೋರಿನ್ ಹುಟ್ಟುವ ಕ್ರಿಯೆಯನ್ನು ತರಗತಿಯಲ್ಲಿ ಮಾಡಿ ತೋರಿಸಬೇಡಿ. ಕಪ್ಪುಹಲಗೆಯ ಮೇಲೆ ಲೆಕ್ಕ ಮಾಡಿಸಿ. ಮಕ್ಕಳಿಗೆ ತಮ್ಮ ಮನೆಯ ಶೌಚಾಲಯದ ಅಳತೆ ತರಲು ಹೇಳಿ. ಬರುವ ಉತ್ತರವನ್ನು ಅವರು ಮನೆಯಲ್ಲಿ ಬಚ್ಚಲು ತೊಳೆಯುವವರಿಗೆ ತಿಳಿಸಲಿ. ಅದು ತಾಯಿಯಿರಬಹುದು, ಕೆಲಸಕ್ಕೆ ಬರುವ ಹೆಣ್ಣುಮಗಳಿರಬಹುದು. ಸೀಸೆಯ ಮೇಲಿನ ಸಣ್ಣ ಅಕ್ಷರಗಳನ್ನು ಓದಿ ಹೇಳುವವರು ಅವರಿಗೆ ಬೇಕಾಗಿದ್ದಾರೆ.